ಯಾವ ಮಾವಿನ ಬುಡದಲ್ಲಿ

ಮಾವಿನ ಜಾತಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಸೀಮೆಯಲ್ಲಿ ಇರಲಿಲ್ಲ. ಇದು ಜಂಬದ ಮಾತಲ್ಲ. ಕೊರಟಗೆರೆ ಸಂತೆಯಿಂದ ಹಣ್ಣು ತಂದವರು ಮನೆಗೆ ಹೋಗುವ ಮೊದಲು ನಮ್ಮ ಜಗುಲಿಯಲ್ಲಿ ಬುಟ್ಟಿ ಇಳಿಸಿ, "ಏನಮ್ಮ, ರಸಪುರಿ ಅಂತ ಕೊಟ್ಟವ್ನೆ, ದಿಟವಾ ನೋಡು" ಎನ್ನುತ್ತಿದ್ದರು. ತೊಟ್ಟಿನ ಹತ್ತಿರ ಮೂಗಿಟ್ಟರೆ ನನಗೆ ಸಾಕಾಗುತ್ತಿತ್ತು. ಹಣ್ಣೇ ಬೇಡ, ಯಾರೋ ಚೀಪಿ ಎಸೆದ ಓಟೆ ಕೊಟ್ಟರೂ ಹೇಳುತ್ತಿದ್ದೆ. ಹಣ್ಣಿಲ್ಲದ ಕಾಲದಲ್ಲಿ ಒಂದು ಎಲೆ ಹೊಸಕಿ ಕೊಟ್ಟರೂ ಹೇಳುತ್ತಿದ್ದೆ. ಊರವರು ನನಗೆ ಮಾವಿನ ಹುಚ್ಚು ಎಂದು ತಿಳಿದಿದ್ದರು. ನಾಲಗೆ ಚಪಲದವಳು ಎಂದು ಹಿಂದಿನಿಂದ ಆಡಿಕೊಂಡವರೂ ಉಂಟು. ಗಡಿಗೆ ಬಾಯಿಗೆ ಬಟ್ಟೆ ಕಟ್ಟಬಹುದು, ಊರ ಬಾಯಿಗೆ ಏನು ಕಟ್ಟುವುದು? ನಾನು ಆ ವಿದ್ಯೆ ಕಲಿತದ್ದು ತಿನ್ನುವುದಕ್ಕಲ್ಲ. ನಮ್ಮ ಹಿತ್ತಿಲಿನಲ್ಲಿ ಐದು ಮಾವಿನ ಮರಗಳಿದ್ದವು. ನನ್ನ ಮೊದಲ ಕೂಸನ್ನು ಅವುಗಳಲ್ಲಿ ಯಾವುದರ ಬುಡದಲ್ಲಿ ಹೂತಿದ್ದಾರೆ ಎಂದು ತಿಳಿದುಕೊಳ್ಳುವುದಕ್ಕಾಗಿ ಕಲಿತೆ.

ನಾನು ಹುಟ್ಟಿ ಬೆಳೆದದ್ದು ಪಾವಗಡದ ಕಡೆ, ನಿಡುಗಲ್ ಬೆಟ್ಟದ ಮಗ್ಗುಲಿನ ಹಳ್ಳಿಯಲ್ಲಿ. ಅಲ್ಲಿ ಮಾತು ಅರ್ಧ ತೆಲುಗು, ನೆಲ ಮುಕ್ಕಾಲು ಬಂಡೆ. ಬಂಡೆಯ ಸಂದಿಯಲ್ಲಿ ತಾನಾಗಿ ಎದ್ದ ಸೀತಾಫಲವೇ ನಮಗೆ ಹಣ್ಣು. ಮಾವೆಂದರೆ ಯುಗಾದಿಗೆ ಬಾಗಿಲಿಗೆ ಕಟ್ಟುವ ಎಲೆ, ಇಲ್ಲವೇ ಉಪ್ಪಿನಕಾಯಿಗೆಂದು ಮಧುಗಿರಿ ಕಡೆಯಿಂದ ಗಾಡಿಯಲ್ಲಿ ಬರುವ ಕಾಯಿ. ಅದರಲ್ಲಿ ಜಾತಿಗಳಿವೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಚನ್ನರಾಯನದುರ್ಗದ ಕೆಳಗಿನ ಈ ಊರಿಗೆ ಬಂದಾಗ ಅತ್ತೆ ಹಿತ್ತಿಲ ಬಾಗಿಲು ತೆರೆದು ಮರಗಳನ್ನು ತೋರಿಸಿದರು. ಬಚ್ಚಲ ನೀರು ಹರಿದು ಹೋಗುವಲ್ಲಿ ಸಕ್ಕರೆಗುತ್ತಿ, ಬಾವಿಯ ಪಕ್ಕ ರಸಪುರಿ, ಕೊಟ್ಟಿಗೆಯ ಹಿಂದೆ ಗಿಣಿಮೂತಿ, ಬೇಲಿಯ ಹತ್ತಿರ ಉಪ್ಪಿನಕಾಯಿಯ ಹುಳಿಮಾವು, ಕಟ್ಟಕಡೆಗೆ ಮಣ್ಣುಗೋಡೆಯ ಮೂಲೆಯಲ್ಲಿ ಮಲಗೋವಾ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

"ಯಾವ್ದು ಯಾವ್ದು ಅಂತ ತಿಳೀತೇನಮ್ಮ?" ಎಂದು ಅತ್ತೆ ಕೇಳಿದರು.

"ಎಲ್ಲಾ ಒಂದೇ ತರಾ ಕಾಣ್ತವೆ ಅತ್ತೆ."

"ನಿಮ್ಮೂರ ಬಂಡೆಗಳು ನನ್ ಕಣ್ಗೆ ಒಂದೇ ತರಾ ಕಂಡ್ವು. ನಿಂಗೆ ಬ್ಯಾರೆ ಬ್ಯಾರೆ ಅಂತ ಗೊತ್ತಿತ್ತಲ್ವಾ? ಇದೂ ಅಂಗೇಯ. ನೋಡ್ತಾ ನೋಡ್ತಾ ತಿಳೀತದೆ ಬುಡು."

ಅತ್ತೆಯ ಬಾಯಿ ಹರಿತ, ಕೈ ಧಾರಾಳ. ನಾನು ಬಸುರಿಯಾದ ವರ್ಷ ಮಾವಿನ ಕಾಲದಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ, ಹಣ್ಣು ಮಾತ್ರ ಸೇರುತ್ತಿತ್ತು. ಅಟ್ಟದ ಮೇಲೆ ಹುಲ್ಲು ಹಾಸಿ ಐದೂ ಮರದ ಕಾಯಿಗಳನ್ನು ಹಣ್ಣಿಗೆ ಹಾಕಿರುತ್ತಿದ್ದರು. ಅತ್ತೆ ಏಣಿ ಹತ್ತಿ, ಕತ್ತಲಲ್ಲೇ ಕೈಯಾಡಿಸಿ, ಹಣ್ಣಾದದ್ದನ್ನು ಆರಿಸಿ ತಂದು ಹೆಚ್ಚಿ ಕೊಡುತ್ತಿದ್ದರು. ಅದು ಯಾವ ಮರದ್ದು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆಷಾಢ ಕಳೆದ ಮೇಲೆ ಅಪ್ಪ ಗಾಡಿ ಕಟ್ಟಿಕೊಂಡು ಬಂದು ನನ್ನನ್ನು ತವರಿಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಗಾಡಿ ಬರುವ ಮೊದಲೇ ನೋವು ಬಂತು. ತಿಂಗಳು ತುಂಬಿರಲಿಲ್ಲ.

ಗಂಡು ಕೂಸು. ಹುಟ್ಟಿದಾಗ ಒಂದು ಸಲ ಅತ್ತಿತು, ಅದನ್ನು ನಾನು ಕೇಳಿದೆ. ಮಧ್ಯಾಹ್ನ ಹುಟ್ಟಿದ್ದು ಹೊತ್ತು ಇಳಿಯುವ ವೇಳೆಗೆ ಹೋಯಿತು. ಮುಖ ತೋರಿಸಿದರು ಎಂದು ನನಗೊಂದು ನೆನಪಿದೆ, ಆದರೆ ಅದು ನೆನಪೋ ನನ್ನ ಆಸೆಯೋ ಈಗ ಹೇಳಲಾರೆ. ಬಾಣಂತಿಯ ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲಿಗೆ ಕಂಬಳಿ ಕಟ್ಟಿದ್ದರು. ಹಿತ್ತಿಲ ಕಡೆಯಿಂದ ಗುದ್ದಲಿ ನೆಲಕ್ಕೆ ಬೀಳುವ ಸದ್ದು ಬಂತು. ನಾನು ಏಳಲು ಹೋದೆ. ಸೂಲಗಿತ್ತಿ ನನ್ನ ಭುಜ ಹಿಡಿದು ಮಲಗಿಸಿದಳು.

"ಅಳಬ್ಯಾಡ ಕಣವ್ವ. ಮಾವಿನ ಮರದ ಬುಡದಾಗೆ ತಣ್ಣಗೆ ಮಲಗ್ತದೆ," ಎಂದಳು.

"ಯಾವ ಮರ?"

ಅಷ್ಟು ಹೇಳಿದ್ದೇ ಹೆಚ್ಚಾಯಿತು ಎನ್ನುವಂತೆ ಅವಳು ಬಾಯಿ ಮುಚ್ಚಿಕೊಂಡಳು. "ಅದ ಕೇಳ್ಬಾರ್ದು" ಎಂದಷ್ಟೇ ಹೇಳಿ ಕೆಂಡದ ಬಟ್ಟಲು ಸರಿಮಾಡುತ್ತಾ ಕುಳಿತಳು.

ಹಲ್ಲು ಹುಟ್ಟದ ಕೂಸನ್ನು ಈ ಕಡೆ ಸುಡುವುದಿಲ್ಲ, ಮನೆಯ ಹಿತ್ತಿಲಿನಲ್ಲೇ ಹೂಳುತ್ತಾರೆ. ಹೂತ ಜಾಗವನ್ನು ಹೆತ್ತವಳಿಗೆ ತೋರಿಸಬಾರದು. ತೋರಿಸಿದರೆ ಅವಳು ದಿನಾ ಅಲ್ಲಿಗೆ ಹೋಗಿ ಅಳುತ್ತಾಳೆ, ಹೋದದ್ದು ಅವಳ ಮಡಿಲನ್ನು ಬಿಡುವುದಿಲ್ಲ, ಮುಂದಿನ ಕೂಸು ನಿಲ್ಲುವುದಿಲ್ಲ ಎನ್ನುವ ನಂಬಿಕೆ. ನಾನು ಯಜಮಾನರನ್ನು ಕೇಳಿದೆ. ಅವರು ಆ ದಿನ ಹೊಲದಲ್ಲಿದ್ದರು. "ಅಪ್ಪ ಅಗೆದ, ಅವ್ವ ಮಲಗಿಸಿದ್ಲು. ನಂಗೂ ಹೇಳಿಲ್ಲ, ನಾನೂ ಕೇಳಿಲ್ಲ. ನೀನೂ ಕೇಳಬ್ಯಾಡ ಕಣೆ," ಎಂದರು. ಅವರ ಕಣ್ಣಲ್ಲೂ ನೀರಿತ್ತು, ಅದಕ್ಕೆ ಮತ್ತೆ ಕೇಳಲಿಲ್ಲ. ಮಾವನವರನ್ನು ಕೇಳುವ ಮಾತೇ ಇರಲಿಲ್ಲ, ಅವರೆದುರು ನಾನು ನಿಂತು ಮಾತಾಡಿದವಳೇ ಅಲ್ಲ. ಅತ್ತೆಯನ್ನು ಕೇಳಿದೆ. ಅತ್ತೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು, ಅಷ್ಟೇ.

ಕೋಣೆಯಿಂದ ಹೊರಗೆ ಬಂದ ದಿನ ಮೊದಲು ಹಿತ್ತಿಲಿಗೆ ಹೋದೆ. ಒಂದು ಕಲ್ಲು, ನಾಯಿ ಕೆದಕದಂತೆ ಹೊದಿಸಿದ ಒಂದು ಮುಳ್ಳಿನ ಕೊಂಬೆ, ಏನಾದರೂ ಗುರುತು ಇರುತ್ತದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಮಳೆ ಬಿದ್ದಿತ್ತು. ಮಾವನವರು ಹಿತ್ತಿಲನ್ನೆಲ್ಲ ಒಂದು ಸಲ ಕೆತ್ತಿಸಿಬಿಟ್ಟಿದ್ದರು. ಐದು ಮರದ ಬುಡವೂ ಒಂದೇ ಬಣ್ಣ, ಒಂದೇ ಹದ. ಎಲ್ಲಿ ಕಾಲಿಡಲಿ, ಎಲ್ಲಿ ಕೂರಲಿ ಎಂದು ತಿಳಿಯದೆ ಬಾಗಿಲಲ್ಲೇ ನಿಂತೆ. ಇಷ್ಟು ಚೊಕ್ಕಟ ಮಾಡುವ ಅಗತ್ಯ ಏನಿತ್ತು ಎಂದು ಮಾವನವರ ಮೇಲೆ ನನಗೆ ಬಂದ ಸಿಟ್ಟು ಬಹಳ ದಿನ ಇಳಿಯಲಿಲ್ಲ.

ಆಗ ನನಗೆ ತವರಿನ ಒಂದು ಪದ್ಧತಿ ನೆನಪಾಯಿತು. ನಮ್ಮ ಚಿಕ್ಕಮ್ಮನ ಕೂಸೊಂದು ಹೀಗೆಯೇ ಹೋಗಿತ್ತು. ಅಲ್ಲೂ ಜಾಗ ತೋರಿಸುವುದಿಲ್ಲ. ಆದರೆ ಯಾವ ಗಿಡದ ಬುಡದಲ್ಲಿ ಕೂಸಿದೆಯೋ ಆ ಗಿಡದ ಹಣ್ಣನ್ನು ಹೆತ್ತವಳ ಕೈಗೆ ಯಾರೂ ಕೊಡುವುದಿಲ್ಲ. ಮನೆಯ ಹಿಂದಿನ ಸೀತಾಫಲಗಳಲ್ಲಿ ಒಂದು ಗಿಡದ ಹಣ್ಣನ್ನು ನಾವೆಲ್ಲ ತಿನ್ನುತ್ತಿದ್ದೆವು, ಚಿಕ್ಕಮ್ಮನಿಗೆ ಮಾತ್ರ ಅಜ್ಜಿ ಬೇರೆ ಗಿಡದ್ದು ಕೊಡುತ್ತಿದ್ದಳು. ಚಿಕ್ಕಮ್ಮ ತಲೆ ಬಗ್ಗಿಸಿ ತಿನ್ನುತ್ತಿದ್ದಳು. ಬಾಯಿಬಿಟ್ಟು ಹೇಳದೆಯೇ ಅಜ್ಜಿ ಹೇಳಿದ್ದಳು, ಕೇಳದೆಯೇ ಚಿಕ್ಕಮ್ಮ ತಿಳಿದುಕೊಂಡಿದ್ದಳು. ಇಲ್ಲೂ ಹಾಗೆಯೇ ಇರುತ್ತದೆ ಎಂದು ನಾನು ನಂಬಿದೆ. ಹೆಂಗಸರ ಲೋಕದಲ್ಲಿ ಇಂಥವು ಎಲ್ಲ ಕಡೆಯೂ ಒಂದೇ ಎಂಬ ಭಾವನೆ ನನಗೆ. ಇನ್ನೊಂದು ಮಾವಿನ ಕಾಲ ಬಂದರೆ ಸಾಕು, ಅತ್ತೆ ಯಾವ ಹಣ್ಣು ಕೊಡುವುದಿಲ್ಲ ಎಂದು ನೋಡಿದರೆ ನನ್ನ ಕೂಸು ಎಲ್ಲಿದೆ ಎಂದು ಗೊತ್ತಾಗುತ್ತದೆ. ಆ ವರ್ಷವೆಲ್ಲ ಇದೊಂದನ್ನೇ ನೆಚ್ಚಿಕೊಂಡು ಬದುಕಿದೆ.

ಹೂ ಬಿಟ್ಟಿತು, ಮಿಡಿ ಕಚ್ಚಿತು, ಕಾಯಿ ಬಲಿತು ಅಟ್ಟಕ್ಕೆ ಏರಿತು. ಅತ್ತೆ ಮೊದಲು ಕೊಟ್ಟದ್ದು ಗೊಂಚಲು ಗೊಂಚಲಾಗಿ ಬಿಡುವ ಸಣ್ಣ ಹಣ್ಣು. ಅದನ್ನು ಹಿಚುಕಿ ಚೀಪಿದೆ. ಆಮೇಲೆ ರಸ ತುಂಬಿದ ಇನ್ನೊಂದು, ಆಮೇಲೆ ಉಪ್ಪುಖಾರ ಹಚ್ಚಿದ ಉದ್ದನೆಯ ಹೋಳು. ಉಪ್ಪಿನಕಾಯಿಯಂತೂ ದಿನಾ ಇತ್ತು. ಪ್ರತಿಯೊಂದು ಕೈಗೆ ಬಂದಾಗಲೂ, ಹಾಗಾದರೆ ಇದಲ್ಲ ಎಂದುಕೊಂಡು ತಿಂದೆ. ಕಾಲ ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಅತ್ತೆ ಮಾವನವರಿಗೆಂದು ಹೆಚ್ಚಿದ ಹಣ್ಣಿನ ತಟ್ಟೆ ಅಡುಗೆಮನೆಯಲ್ಲಿತ್ತು. ಒಂದು ಹೋಳು ತೆಗೆದು ಬಾಯಿಯ ಹತ್ತಿರ ತಂದಿದ್ದೆ. ಅತ್ತೆ ಬಂದವರೇ ನನ್ನ ಕೈಯಿಂದ ಕಿತ್ತುಕೊಂಡರು.

"ಅದು ನಿಂಗ್ ಬ್ಯಾಡ ಕಣಮ್ಮ," ಎಂದರು. ಅವರ ಮುಖ ಬಿಳಿಚಿಕೊಂಡಿತ್ತು.

ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ, ಚಿಕ್ಕಮ್ಮನ ಹಾಗೆ ತಲೆ ಬಗ್ಗಿಸಿದೆ. ಆದರೆ ಸಿಪ್ಪೆ ತೆಗೆದು ಹೆಚ್ಚಿದ ಹೋಳು ಯಾವ ಮರದ್ದೆಂದು ಹೇಳುವುದು ಹೇಗೆ? ಬಂಡೆಯ ಸೀಮೆಯಿಂದ ಬಂದ ನನಗೆ ಎಲ್ಲ ಹೋಳೂ ಹಳದಿ. ಕೈಗೆ ಬಂದ ಉತ್ತರ ಓದಲು ಬಾರದವಳಾಗಿ ನಿಂತೆ.

ಅವತ್ತಿನಿಂದ ಶುರುವಾಯಿತು ನನ್ನ ಮಾವಿನ ಹುಚ್ಚು. ತಿಪ್ಪೆಗೆ ಹೋಗಿ, ಎಸೆದ ಓಟೆಗಳನ್ನು ಆರಿಸಿ ತೊಳೆದು, ಒಲೆಯ ಹಿಂದೆ ಸಾಲಾಗಿ ಇಟ್ಟೆ. ಉದ್ದಕ್ಕೆ ಚಪ್ಪಟೆಯಾದ ಓಟೆ ಒಂದು, ಗಡ್ಡ ಬಿಟ್ಟ ಮುದುಕನ ಗಲ್ಲದಂತೆ ನಾರು ತುಂಬಿದ್ದು ಒಂದು. ಗುಂಡಗೆ, ನಾರಿಲ್ಲದೆ, ಹಣ್ಣಿನ ಗಾತ್ರಕ್ಕೆ ಸಣ್ಣದಾದದ್ದು ಇನ್ನೊಂದು. ನನ್ನ ಕೈಯಿಂದ ಕಿತ್ತುಕೊಂಡ ಹೋಳಿನಲ್ಲಿ ಒಂದೆಳೆ ನಾರೂ ಇರಲಿಲ್ಲ ಎನ್ನುವುದೊಂದೇ ನನಗೆ ಗೊತ್ತಿದ್ದದ್ದು. ಸಿರಾದಿಂದ ಹಣ್ಣಿನ ವ್ಯಾಪಾರಕ್ಕೆ ಬರುತ್ತಿದ್ದ ಸಾಬರೊಬ್ಬರು ನಮ್ಮ ಜಗುಲಿಯಲ್ಲಿ ನೀರು ಕೇಳಿ ಕುಳಿತಾಗ, ಬಾಗಿಲ ಮರೆಯಿಂದಲೇ ಆ ಗುಂಡಗಿನ ಓಟೆಯನ್ನು ಮುಂದಿಟ್ಟು ಕೇಳಿದೆ. ಅವರು ನಕ್ಕರು.

"ಇದು ಮಲಗೋವಾ ಅಮ್ಮಾ. ಹಣ್ಣೆಲ್ಲ ತಿಂದ್ಬುಟ್ಟು ಓಟೆ ತೋರಿಸ್ತೀರಲ್ಲ, ಇದ್ಯಾವ ನ್ಯಾಯ, ಯಾವ ಇನ್ಸಾಫು?"

ಒಂದು ಓಟೆಯ ಮಾತು ನಂಬಿ ನನ್ನ ಕೂಸಿನ ಜಾಗ ಗೊತ್ತುಮಾಡಲು ಮನಸ್ಸು ಒಪ್ಪಲಿಲ್ಲ. ಆ ಮರ ಎರಡು ವರ್ಷ ಕಾಯಿ ಕೊಟ್ಟರೆ ಮೂರನೆಯ ವರ್ಷ ಮುನಿಸಿಕೊಳ್ಳುವ ಜಾತಿ. ಮತ್ತೆ ಕಾಯಿ ಬಿಡುವವರೆಗೆ ಕಾದೆ. ಅಷ್ಟರಲ್ಲಿ ಎಲೆ ಹೊಸಕಿ ಮೂಸುವುದನ್ನು ಕಲಿತೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ವಾಸನೆಯಲ್ಲೂ ವ್ಯತ್ಯಾಸವಿದೆ ಎಂದು ತಿಳಿಯಿತು. ಹೂವಿನ ಗೊಂಚಲು ಯಾವುದರದ್ದು ಕೆಂಪು ತಿರುಗುತ್ತದೆ, ಯಾವುದರ ಚಿಗುರು ತಾಮ್ರದ ಬಣ್ಣ, ಎಲ್ಲವನ್ನೂ ಮನಸ್ಸಿಗೆ ತಂದುಕೊಂಡೆ. ಆಮೇಲೆ ಮೂಲೆಯ ಮರ ಕಾಯಿ ಬಿಟ್ಟ ವರ್ಷ, ಅಟ್ಟದಿಂದ ನಾನೇ ಹಣ್ಣಿಳಿಸಿದೆ. ಗುಂಡನೆಯ, ತೂಕದ, ಒಂದು ಮಗ್ಗುಲು ಉಬ್ಬಿದ ಹಣ್ಣು. ಎಲ್ಲರಿಗೂ ಹೆಚ್ಚಿ ಕೊಟ್ಟು, ಬೇಕೆಂದೇ ಅತ್ತೆಯ ಎದುರಿಗೆ ನನಗೂ ಒಂದು ಹೋಳು ತೆಗೆದುಕೊಂಡೆ.

"ನಿಂಗ್ ಬ್ಯಾಡ ಅಂದ್ನಲ್ಲಾ!" ಎಂದು ಅತ್ತೆ ಕೂಗಿದರು.

ಹೋಳನ್ನು ತಟ್ಟೆಯಲ್ಲಿಟ್ಟು ಕೈ ತೊಳೆದೆ. ನನಗೆ ಅಳುವೂ ಬಂತು, ಇಷ್ಟು ದಿನಕ್ಕೆ ಗೊತ್ತಾಯಿತಲ್ಲ ಎಂಬ ಸಮಾಧಾನವೂ ಆಯಿತು. ಅವತ್ತು ಸಂಜೆ ಮೂಲೆಯ ಮಲಗೋವಾದ ಬುಡಕ್ಕೆ ಒಂದು ಚೊಂಬು ನೀರು ಹಾಕಿದೆ.

ಆಮೇಲೆ ಅದು ನನ್ನ ದಿನಚರಿಯೇ ಆಯಿತು. ಕೆಲಸ ಮುಗಿದ ಮೇಲೆ, ಮಧ್ಯಾಹ್ನ, ಅಕ್ಕಿ ಆರಿಸುವ ಮೊರ ಹಿಡಿದುಕೊಂಡು ಆ ಮರದ ಕೆಳಗೆ ಹೋಗಿ ಕೂರುತ್ತಿದ್ದೆ. ಅಳುತ್ತಿರಲಿಲ್ಲ. ಅತ್ತರೆ ಮುಂದಿನದು ನಿಲ್ಲುವುದಿಲ್ಲ ಎಂಬ ಭಯ ನನಗೂ ಇತ್ತು. ಸುಮ್ಮನೆ ಬುಡದ ಮಣ್ಣಿನ ಮೇಲೆ ಕೈಯಿಟ್ಟುಕೊಂಡು ಕೂರುವುದು. ಮಗಳು ಹುಟ್ಟಿದಳು, ಉಳಿದಳು. ಅವಳಿಗೆ ಬಚ್ಚಲ ಹತ್ತಿರದ ಸಕ್ಕರೆಗುತ್ತಿಯ ಕೊಂಬೆಗೆ ಸೀರೆಯ ಜೋಲಿ ಕಟ್ಟಿದೆ, ಅಲ್ಲಿಂದ ಒಲೆ ಕಾಣುತ್ತಿತ್ತು. ಅವಳನ್ನು ಅಲ್ಲಿ ಮಲಗಿಸಿ, ನಾನು ಮೂಲೆಯ ಮರದ ಹತ್ತಿರ ಹೋಗಿ ಅವಳ ಅಣ್ಣನ ಜೊತೆ ಕೂತು ಬರುತ್ತಿದ್ದೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ಎಷ್ಟೋ ಸಲ ನನ್ನನ್ನು ನೋಡುತ್ತಿದ್ದರು. ಆಮೇಲೆ ಒಳಗೆ ಹೋಗುತ್ತಿದ್ದರು. ನಾನು ಮಲಗೋವಾದ ಹತ್ತಿರ ಹೋದ ದಿನಗಳಲ್ಲಿ ಅವರು ನನ್ನೊಡನೆ ಸಂಜೆಯವರೆಗೆ ಮಾತಾಡುವುದೂ ಕಡಿಮೆ. ಜಾಗ ಗೊತ್ತಾಯಿತೆಂದು ನನ್ನ ಮೇಲೆ ಮುನಿಸು ಎಂದುಕೊಂಡೆ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ನನ್ನ ಪಾಲಿಗೆ ಅಷ್ಟು ನೆಲವಾದರೂ ಸಿಕ್ಕಿತಲ್ಲ ಎಂದು ನಾನೂ ಬಿಗಿಯಾಗಿಯೇ ಇದ್ದೆ.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಸೀಮೆಎಣ್ಣೆಗೆ ಪರದಾಡುತ್ತಿದ್ದ ದಿನಗಳಲ್ಲಿ, ಮಾವನವರು ತೀರಿಕೊಂಡರು. ಬೆಳಿಗ್ಗೆ ಎದ್ದು ಹಸು ಬಿಚ್ಚಲು ಹೋದವರು ಕೊಟ್ಟಿಗೆಯಲ್ಲೇ ಕುಸಿದರು. ನಮ್ಮ ಮನೆಯಲ್ಲಿ ಒಂದು ನಡವಳಿಕೆ ಇತ್ತು. ಮನೆಯ ಹಿರಿಯ ಹೋದರೆ ಬೇರೆ ಎಲ್ಲಿಯ ಸೌದೆ ತಂದರೂ ಜೊತೆಗೆ ಅವನು ನೀರೆರೆದು ಸಾಕಿದ ಒಂದು ಮಾವು ಕಡಿಯಬೇಕು, ಅದು ಅವನ ಜೊತೆ ಹೋಗಬೇಕು. ಊರ ಗಂಡಸರು ಕೊಡಲಿ ಹಿಡಿದು ಹಿತ್ತಿಲಿಗೆ ಬಂದರು. ಕಡಿಮೆ ಕಾಯಿ ಬಿಡುವ ಮರ, ಉರುಳಿದರೂ ಮನೆಯ ಮೇಲೆ ಬೀಳದ ಮರ ಎಂದು ಎಲ್ಲರೂ ಸೀದಾ ಮೂಲೆಯ ಮಲಗೋವಾದ ಹತ್ತಿರ ಹೋದರು.

ಬಚ್ಚಲಲ್ಲಿ ನೀರು ತುಂಬುತ್ತಿದ್ದ ನಾನು ಮೊದಲ ಏಟಿನ ಸದ್ದು ಕೇಳಿದೆ. ಬಿಂದಿಗೆ ಬಿಟ್ಟು ಓಡಿದೆ. ತಲೆಯ ಮೇಲಿನ ಸೆರಗು ಜಾರಿತ್ತು, ಅದರ ಪರಿವೆಯೂ ಇರಲಿಲ್ಲ. ಮರವನ್ನು ತಬ್ಬಿಕೊಂಡು ನಿಂತೆ.

"ಇದೊಂದು ಬುಡಿ. ಬ್ಯಾರೆ ಯಾವ್ದಾದ್ರೂ ಕಡೀರಿ, ನಿಮ್ ಕಾಲಿಗೆ ಬೀಳ್ತೀನಿ."

"ಲೇ, ಏನಾಗೈತೆ ನಿಂಗೆ?" ಯಜಮಾನರು ನನ್ನ ರಟ್ಟೆ ಹಿಡಿದು ಎಳೆದರು. "ಅಪ್ಪನ ಹೆಣ ಅಂಗಳದಾಗೈತೆ, ನಿಂಗೆ ಹಣ್ಣಿನ ಚಿಂತೆಯಾ?"

ಅಷ್ಟು ಜನ ಗಂಡಸರ ಮುಂದೆ ನಾನು ಏನೆಂದು ಹೇಳಲಿ? ನನ್ನ ಕೂಸು ಇಲ್ಲಿದೆ ಎಂದು ಹೇಳಲು ಬಾಯಿ ತೆರೆದೆ. ತೋರಿಸಬಾರದ ಜಾಗ, ತಿಳಿದಿರಬಾರದ ವಿಷಯ. ಪಕ್ಕದಲ್ಲಿ ಮಗಳು ನನ್ನ ಸೀರೆ ಹಿಡಿದು ಅಳುತ್ತಿದ್ದಳು. ಹೇಳಿದರೆ ಅವಳಿಗೇನಾದರೂ ಆದರೆ ಎಂಬ ಭಯಕ್ಕೆ ನಾಲಗೆ ಕಚ್ಚಿಕೊಂಡೆ. ಊರ ಹಿರಿಯರೊಬ್ಬರು ಕೊಡಲಿ ಕೆಳಗಿಳಿಸಿದರು.

"ಹೋಗ್ಲಿ ಬುಡ್ಲಾ. ಹೆಣ್ಮಗಳು ಕಣ್ಣೀರಾಕ್ಕಂಡು ಕೇಳ್ತಾವ್ಳೆ. ಬಚ್ಚಲ ಮಗ್ಗುಲದ್ದು ಕಡೀರಿ, ಹೆಂಗೂ ಬೇರು ಗೋಡೆ ಸೀಳ್ತಾ ಐತೆ."

ಎಲ್ಲರೂ ಸಕ್ಕರೆಗುತ್ತಿಯ ಕಡೆ ತಿರುಗಿದರು. ಮನೆಯಲ್ಲಿ ಹೆಣವಿದೆ, ನನಗೆ ಒಳಗೊಳಗೇ ಸಂತೋಷ. ಇದನ್ನು ಮುಚ್ಚಿಡುವುದಿಲ್ಲ. ಕೊಡಲಿಯ ಪ್ರತಿ ಏಟಿಗೂ, ಉಳಿಯಿತು, ನನ್ನದು ಉಳಿಯಿತು ಎಂದುಕೊಂಡು ಮಲಗೋವಾಕ್ಕೆ ಬೆನ್ನು ಕೊಟ್ಟು ಕುಳಿತಿದ್ದೆ. ಅತ್ತೆ ಮುಂದಿನ ಅಂಗಳದಲ್ಲಿ ಮಾವನವರ ತಲೆಯ ಬಳಿ ಕೂತಿದ್ದರು. ಗಂಡನ ಹೆಣ ಬಿಟ್ಟು ಅವರು ಏಳುವಂತಿರಲಿಲ್ಲ. ಸದ್ದು ಕೇಳಿ, "ಯಾವ್ ಮರ ಕಡೀತಾವ್ರೆ?" ಎಂದು ಕೇಳಿದರಂತೆ. ಯಾರೋ ಹೇಳಿದರು. ಆಗ ಅವರು ಇಟ್ಟ ಕೂಗು ಹಿತ್ತಿಲವರೆಗೂ ಬಂತು. ಪಾಪ, ಈಗ ಗಂಡನ ಅರಿವಾಯಿತು ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ಅಲ್ಲಿಂದ ಮುಂದೆ ಅತ್ತೆ ಕುಗ್ಗಿದರು. ಹರಿತದ ಬಾಯಿ ಮೊಂಡಾಯಿತು. ಅಡುಗೆಮನೆ, ಅಟ್ಟ, ಎಲ್ಲದರ ಯಜಮಾನಿಕೆಯನ್ನೂ ನನಗೇ ಬಿಟ್ಟರು. ಬೇಸಿಗೆಯಲ್ಲಿ ಯಜಮಾನರು ಆಳುಗಳನ್ನು ಕರೆದು ಸಕ್ಕರೆಗುತ್ತಿಯ ಬೊಡ್ಡೆಯನ್ನು ಅಗೆಸಿದರು. ಉರಿಬಿಸಿಲಲ್ಲಿ ಅತ್ತೆ ಗುಂಡಿಯ ಅಂಚಿನಲ್ಲಿ ನಿಂತು ಅಗೆಯುವುದನ್ನೇ ನೋಡುತ್ತಿದ್ದರು. ಕುಡಿಯಲು ನೀರು ಕೊಟ್ಟರೂ ಬೇಡ ಎಂದರು. ವಯಸ್ಸಾದವರ ಹಟ ಎಂದು ನಾನು ಒಳಗೆ ಬಂದೆ.

ಆ ವರ್ಷ ಮಾವಿನ ಕಾಲದಲ್ಲಿ ಎದುರು ಮನೆಯವರು ತಮ್ಮ ತೋಟದ ಸಕ್ಕರೆಗುತ್ತಿ ಒಂದು ಬುಟ್ಟಿ ಕಳಿಸಿದರು. ಅತ್ತೆಗೆ ಹಲ್ಲು ಹೋಗಿದ್ದವು, ಹಿಚುಕಿ ಚೀಪುವ ಹಣ್ಣು ಅವರಿಗೆ ಸುಲಭ. ಮೆತ್ತಗಾದದ್ದನ್ನು ಆರಿಸಿ, ತೊಟ್ಟು ತೆಗೆದು, ಒಂದು ಬಟ್ಟಲಲ್ಲಿಟ್ಟು ಅವರ ಮುಂದಿಟ್ಟೆ.

"ನಂಗ್ ಬ್ಯಾಡ ಕಣಮ್ಮ. ಅದ ಬುಟ್ಬುಟ್ಟಿವ್ನಿ."

"ಬಿಟ್ಟಿದೀರಾ? ಯಾವಾಗ? ಯಾತಕ್ಕೆ ಅತ್ತೆ?"

ಅವರು ನನ್ನ ಮಗಳನ್ನು ಹೊರಗೆ ಆಡಲು ಕಳಿಸಿದರು. ಆಮೇಲೆ ಹೇಳಿದರು, "ನಮ್ಮಲ್ಲಿ ಕೂಸ್ನ ಮಣ್ಣಿಗಿಟ್ಟ ಕೈಯೋರು ಆ ಮರದ ಹಣ್ಣು ಬುಡ್ತಾರೆ. ಬದುಕಿರೋಗಂಟ ಬುಡ್ತಾರೆ. ಆವತ್ತಿಂದ ನಾನು ಮುಟ್ಟಿಲ್ಲ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ವರ್ಷ ನಾನು ನನಗೆ ಯಾವ ಹಣ್ಣು ಕೊಡುವುದಿಲ್ಲ ಎಂದು ನೋಡಿದೆ. ಅವರು ಯಾವ ಹಣ್ಣು ತಿನ್ನುವುದಿಲ್ಲ ಎಂದು ನೋಡಲೇ ಇಲ್ಲ. ಎಲ್ಲರಿಗೂ ಹಂಚಿ ಕಡೆಯಲ್ಲಿ ತಿನ್ನುವ ಹೆಂಗಸಿನ ತಟ್ಟೆಯನ್ನು ಮನೆಯಲ್ಲಿ ಯಾರು ನೋಡುತ್ತಾರೆ?

"ಮತ್ತೆ ಮಲಗೋವಾ? ನಾನು ತಿನ್ನೋಕೆ ಹೋದ್ರೆ ತಡೆದ್ರಲ್ಲ ಅತ್ತೆ, ಎರಡು ಸಲ?"

ಅತ್ತೆ ಕಣ್ಣು ಮುಚ್ಚಿಕೊಂಡರು. "ನೀನು ಬಸುರೀಲಿ ಬೇಕು ಬೇಕು ಅಂದೆ. ಇನ್ನೂ ಸರ್ಯಾಗಿ ಹಣ್ಣಾಗದೆ ಇರೋ ಮಲಗೋವಾನ ನಾನೇ ಹೆಚ್ಚಿ ಕೊಟ್ಟೆ. ಮಾರ್ನೆ ದಿನಾನೆ ನೋವು ಬಂತು. ಅದ್ರ ಉಷ್ಣಕ್ಕೇ ಕೂಸು ಹೋಯ್ತು, ನಾನೇ ತಿನ್ಸಿ ಕೊಂದೆ ಅಂತ ಇವತ್ಗೂ ಅನ್ನುಸ್ತದೆ. ಅದ್ಕೇ ನಿಂಗೆ ಕೊಡ್ತಿರ್ಲಿಲ್ಲ. ನೀನೋ, ದಿನಾ ಹೋಗಿ ಅದೇ ಮರದ ಬುಡದಾಗೆ ಕುಂತ್ಕತಿದ್ದೆ. ಬಾಯ್ಬುಟ್ಟು ಬೈದಿದ್ರೆ ತಡ್ಕಂತಿದ್ದೆ ಕಣಮ್ಮ. ಇಂಗೆ ಸುಮ್ನೆ ಕುಂತು ಕುಂತು ನನ್ನ ಸುಟ್ಬುಟ್ಟೆ."

ಒಂದು ಹೋಳು ಹಣ್ಣಿನ ದೆಸೆಯಿಂದ ಯಾರ ಕೂಸೂ ಹೋಗುವುದಿಲ್ಲ ಅತ್ತೆ ಎನ್ನಬೇಕಿತ್ತು. ನಾನು ನಿಮ್ಮ ಮೇಲೆ ಸಿಟ್ಟಿಗೆ ಅಲ್ಲಿ ಕೂರಲಿಲ್ಲ ಎನ್ನಬೇಕಿತ್ತು. ಅದನ್ನೆಲ್ಲ ಆಮೇಲೆ ಹೇಳಿದೆ, ಎಷ್ಟೋ ಸಲ ಹೇಳಿದೆ. ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

"ಬೊಡ್ಡೆ ಅಗೆದ್ರಲ್ಲ. ಏನಾದ್ರೂ ಸಿಕ್ತಾ?"

"ಇಲ್ಲ ಕಣಮ್ಮ. ಅದಕ್ಕೇ ಬಿಸ್ಲಾಗೆ ನಿಂತು ನೋಡ್ದೆ. ಯಾರೂ ಗೊತ್ತಿಲ್ದೆ ಎತ್ತಿ ಎಸೀಬಾರ್ದು ಅಂತ. ಏನೂ ಇರ್ಲಿಲ್ಲ. ಎಳೇದು, ನೀರು ಹರಿಯೋ ನೆಲ. ಎಲ್ಲಾ ಮಣ್ಣಾಗಿತ್ತು."

"ಆ ಮಣ್ಣು ಎಲ್ಲಿ?"

ಅತ್ತೆ ನನ್ನ ಕೈ ಹಿಡಿದುಕೊಂಡರು. "ಬಚ್ಚಲ ನೀರು ಕುಡ್ದ ಕರೀ ಮಣ್ಣು, ಚೆನ್ನಾಗೈತೆ ಅಂತ ನಿನ್ ಗಂಡ ಗೊಬ್ಬರದ ಜೊತೆ ಗಾಡಿಗೆ ತುಂಬ್ದ. ನಾ ಏನಂತ ತಡೀಲಿ? ಅವ್ನಿಗೂ ಹೇಳ್ಬಾರ್ದು, ನಿಂಗೂ ಹೇಳ್ಬಾರ್ದು. ಹೊಲದ ಮ್ಯಾಲೆಲ್ಲ ಎರಚಿ ಉತ್ತವ್ನೆ."

ಆ ದಿನ ನಾವಿಬ್ಬರೂ ಒಟ್ಟಿಗೆ ಅತ್ತೆವು. ಮಾವನವರು ಹೋದಾಗಲೂ ನಾವು ಹಾಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತಿರಲಿಲ್ಲ.

ಮಳೆ ಬಂದು ರಾಗಿ ಬಿತ್ತಿದ ಮೇಲೆ, ಒಂದು ಬೆಳಿಗ್ಗೆ, ಯಜಮಾನರಿಗೆ ಬುತ್ತಿ ಕೊಡುವ ನೆಪದಲ್ಲಿ ಹೊಲಕ್ಕೆ ಹೋದೆ. ಬೆರಳುದ್ದ ಪೈರು ಎದ್ದಿತ್ತು. ಬದುವಿನಿಂದ ಬದುವಿನವರೆಗೆ ಸಾಲು ಸಾಲಾಗಿ ಒಂದೇ ಹಸಿರು. ಎಲ್ಲೋ ಒಂದು ಕಡೆ ಮಣ್ಣು ಕಪ್ಪಗೆ ಕಂಡೀತು ಎಂದು ಬಗ್ಗಿ ನೋಡುತ್ತಾ, ಸಾಲುಗಳ ನಡುವೆ ನಡೆಯುತ್ತಾ ಹೊಲದ ಮಧ್ಯಕ್ಕೆ ಬಂದುಬಿಟ್ಟಿದ್ದೆ. ಎಲೆ ಹೊಸಕಿ ಮರ ಹೇಳುವ ನನ್ನ ಮೂಗಿಗೆ ಅಲ್ಲಿ ನೆಲದ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಆ ಕೊನೆಯಲ್ಲಿ ಕಳೆ ಕೀಳುತ್ತಿದ್ದ ಯಜಮಾನರು ತಲೆಯೆತ್ತಿ ನನ್ನನ್ನು ನೋಡಿದರು.

"ಲೇ, ನೋಡ್ಕಂಡು ಬಾ, ಪೈರು ತುಳೀಬ್ಯಾಡ," ಎಂದು ಕೂಗಿದರು.

ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.